ಹಳೇ ಐ5-4460 ಗೇಮಿಂಗ್ ಕಂಪ್ಯೂಟರ್ ತಡವರಿಸುತ್ತಿದೆ, 15 ಸಾವಿರದಲ್ಲಿ ಮೊದಲು ಏನು ಬದಲಿಸಬೇಕು?

ಕಾಳೀತೀರ, ಕಾರವಾರ

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರಿನ ವಿವರ ಮೊದಲು ಕೊಡುತ್ತೇನೆ. ಇಂಟೆಲ್ ಐ5-4460 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 8 ಜಿಬಿ ಡಿಡಿಆರ್3 ರ‍್ಯಾಮ್ ಒಂದೇ ಸ್ಟಿಕ್, ಜಿಟಿಎಕ್ಸ್ 750 ಟಿಐ 2 ಜಿಬಿ ಗ್ರಾಫಿಕ್ಸ್ ಕಾರ್ಡ್, 1 ಟಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡುವ ಪೆಟ್ಟಿಗೆ) ಕ್ಯಾಬಿನೆಟ್ ಜೊತೆಗೇ ಬಂದದ್ದು, ಮೇಲೆ 450 ವ್ಯಾಟ್ ಅಂತ ಅಂಟಿಸಿದೆ. ಮಾನಿಟರ್ 1080ಪಿ, ಅದಕ್ಕೆ ವಿಜಿಎ ಮತ್ತು ಡಿವಿಐ ಪೋರ್ಟ್ ಮಾತ್ರ ಇವೆ. ಮನೆ ಕೋಡಿಬಾಗದಲ್ಲಿ, ಸಮುದ್ರದ ಗಾಳಿ ನೇರ ಒಳಗೆ ಬರುತ್ತದೆ.

ಆಡುವುದು ವ್ಯಾಲೊರಂಟ್ ಮತ್ತು ಜಿಟಿಎ 5. ವ್ಯಾಲೊರಂಟಿನಲ್ಲಿ ಮೊದಲ ಇಪ್ಪತ್ತು ನಿಮಿಷ ಪರವಾಗಿಲ್ಲ, ಆಮೇಲೆ ಎಲ್ಲಾ ನಿಧಾನ. ರಾತ್ರಿ ಹೊತ್ತು ಎದುರಾಳಿಗಳು ಇದ್ದಲ್ಲಿಂದ ಮಾಯವಾಗಿ ಇನ್ನೊಂದು ಕಡೆ ಕಾಣುತ್ತಾರೆ. ಜಿಟಿಎಯಲ್ಲಿ ವೇಗವಾಗಿ ಗಾಡಿ ಓಡಿಸಿದರೆ ರಸ್ತೆಯೇ ಮೂಡುವುದಿಲ್ಲ, ಒಂದೆರಡು ಸೆಕೆಂಡ್ ಚಿತ್ರ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಕೆಲವು ಬೆಳಿಗ್ಗೆ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ರ‍್ಯಾಮ್ ಕಿತ್ತು ಮತ್ತೆ ಹಾಕಿದರೆ ಸರಿಯಾಗುತ್ತದೆ.

ಕೈಯಲ್ಲಿ 15 ಸಾವಿರ ಇದೆ. ಗ್ರಾಫಿಕ್ಸ್ ಕಾರ್ಡ್ ಒಂದನ್ನೇ ಬದಲಿಸಿದರೆ ಸಾಕೇ, ಇಲ್ಲ ಎಲ್ಲಾ ಹೊಸದಾಗಿ ಕಟ್ಟಿಸಬೇಕೇ?

ಅಘನಾಶಿನಿ, ಕುಮಟಾ

ಕಾರ್ಡ್ ಈಗಲೇ ತರಬೇಡಿ. ನೀವು ಬರೆದ ಲಕ್ಷಣಗಳಲ್ಲಿ ಕನಿಷ್ಠ ಮೂರು ಬೇರೆ ಬೇರೆ ಕಾಯಿಲೆ ಇವೆ, ಮೂರಕ್ಕೂ ನಾವು ಒಂದೇ ಹೆಸರು ಕೊಟ್ಟು ಲ್ಯಾಗ್ ಅನ್ನುತ್ತೇವೆ. ಎದುರಾಳಿ ಜಿಗಿದಂತೆ ಕಾಣುವುದು ಹೆಚ್ಚಾಗಿ ಇಂಟರ್‌ನೆಟ್ಟಿನದು. ಇಪ್ಪತ್ತು ನಿಮಿಷದ ಮೇಲೆ ನಿಧಾನವಾಗುವುದು ಬಿಸಿಯದು. ರಸ್ತೆ ಮೂಡದಿರುವುದು ಹಾರ್ಡ್‌ಡಿಸ್ಕ್ ಮತ್ತು ರ‍್ಯಾಮಿನದು. ಇವೆಲ್ಲ ಹಾಗೇ ಇದ್ದು 12 ಸಾವಿರದ ಕಾರ್ಡ್ ಹಾಕಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಮೊದಲು ಅಳತೆ ಮಾಡಿ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಅಳತೆಯ ತಂತ್ರಾಂಶ ಹಾಕಿ, ಅದರ ಜೊತೆಗೇ ರಿವಾಟ್ಯೂನರ್ ಬರುತ್ತದೆ. ಪರದೆಯ ಮೂಲೆಯಲ್ಲಿ ಇಷ್ಟು ಕಾಣುವಂತೆ ಮಾಡಿ: ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಬಳಕೆ, ಕಾರ್ಡಿನ ಮೆಮೊರಿ, ಪ್ರೊಸೆಸರಿನ ನಾಲ್ಕೂ ಕೋರ್‌ಗಳ ಬಳಕೆ, ಅದರ ಉಷ್ಣತೆ ಮತ್ತು ಕ್ಲಾಕ್ (ಓಡುವ ವೇಗ), ರ‍್ಯಾಮ್, ಫ್ರೇಮ್‌ಟೈಮ್ ಗೆರೆ. ಫ್ರೇಮ್‌ಟೈಮ್ ಗೆರೆ ಬಹಳ ಮುಖ್ಯ. 60 ಎಫ್‌ಪಿಎಸ್ (ಸೆಕೆಂಡಿಗೆ 60 ಚಿತ್ರ) ಅಂದರೆ ಪ್ರತಿ ಚಿತ್ರಕ್ಕೆ 16.7 ಮಿಲಿಸೆಕೆಂಡ್. ಸರಾಸರಿ 80 ಎಫ್‌ಪಿಎಸ್ ತೋರಿಸುತ್ತಿದ್ದರೂ ನಡುನಡುವೆ ಒಂದು ಚಿತ್ರಕ್ಕೆ 100 ಮಿಲಿಸೆಕೆಂಡ್ ಹಿಡಿದರೆ ಕಣ್ಣಿಗೆ ತಡವರಿಕೆಯೇ ಕಾಣುವುದು.

ಜಿಪಿಯು 95ರಿಂದ 99 ಶೇಕಡಾ ಇದ್ದು ಪ್ರೊಸೆಸರಿಗೆ ಬಿಡುವಿದ್ದರೆ ಕಾರ್ಡ್ ಸಾಲುತ್ತಿಲ್ಲ. ಜಿಪಿಯು 60ರಲ್ಲಿದ್ದು ಪ್ರೊಸೆಸರ್ 100 ಮುಟ್ಟುತ್ತಿದ್ದರೆ ಎಷ್ಟು ದೊಡ್ಡ ಕಾರ್ಡ್ ಹಾಕಿದರೂ ಆ ಆಟ ಅಷ್ಟೇ ಓಡುವುದು. ರ‍್ಯಾಮ್ 7 ಜಿಬಿ ದಾಟಿ, ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100 ಶೇಕಡಾ ತೋರಿಸಿದರೆ ವಿಂಡೋಸ್ ರ‍್ಯಾಮಿನ ಕೆಲಸವನ್ನು ಹಾರ್ಡ್‌ಡಿಸ್ಕಿಗೆ ದಾಟಿಸುತ್ತಿದೆ ಅಂತ ಅರ್ಥ.

ಇಂಟರ್‌ನೆಟ್ಟಿಗೆ ಬೇರೆ ಪರೀಕ್ಷೆ. ವ್ಯಾಲೊರಂಟಿನ ವಿಡಿಯೊ ಸೆಟ್ಟಿಂಗಿನಲ್ಲಿ ಸ್ಟ್ಯಾಟ್ಸ್ ಅಂತ ಇದೆ. ನೆಟ್‌ವರ್ಕ್ ಆರ್‌ಟಿಟಿ (ಸರ್ವರಿಗೆ ಹೋಗಿಬರುವ ಸಮಯ) ಮತ್ತು ಪ್ಯಾಕೆಟ್ ಲಾಸ್ (ದಾರಿಯಲ್ಲಿ ಕಳೆದುಹೋದ ಡೇಟಾ) ಎರಡನ್ನೂ ಗ್ರಾಫ್ ಮಾಡಿಡಿ. ಮುಂಬಯಿ ಸರ್ವರಿಗೆ 30ರಿಂದ 60 ಮಿಲಿಸೆಕೆಂಡ್ ಸಮನಾಗಿ ಬಂದರೆ ಆಡಲು ಯಾವ ತೊಂದರೆಯೂ ಇಲ್ಲ. ಅದು ಏರಿಳಿಯುವುದೇ ಕಷ್ಟ. ಆಮೇಲೆ ಕಮಾಂಡ್ ಪ್ರಾಂಪ್ಟಿನಲ್ಲಿ ನಿಮ್ಮ ರೂಟರಿಗೇ ನೂರು ಸಲ ಪಿಂಗ್ ಮಾಡಿ, ಒಮ್ಮೆ ವೈಫೈಯಲ್ಲಿ, ಒಮ್ಮೆ ಕೇಬಲ್ ಹಾಕಿ. ರೂಟರಿನವರೆಗೆ ಹೋಗಿಬರಲಿಕ್ಕೇ 50, 100 ಮಿಲಿಸೆಕೆಂಡ್ ಹಿಡಿದರೆ ತೊಂದರೆ ನಿಮ್ಮ ಮನೆಯೊಳಗಿದೆ, ಕಂಪನಿಗೆ ಫೋನ್ ಮಾಡಿ ಪ್ರಯೋಜನ ಇಲ್ಲ. ನಮ್ಮ ಕಡೆಯ ಚಿರೇಕಲ್ಲಿನ ಗೋಡೆ ದಪ್ಪ, ಮಳೆಗಾಲದಲ್ಲಿ ನೀರನ್ನೂ ಹೀರಿಕೊಂಡಿರುತ್ತದೆ. ಅಂಥ ಎರಡು ಗೋಡೆ ದಾಟುವಾಗ 5 ಗಿಗಾಹರ್ಟ್ಸ್ ವೈಫೈ ಹೆಚ್ಚುಕಡಿಮೆ ಸತ್ತೇಹೋಗುತ್ತದೆ.

ಗಂಗಾವಳಿ, ಅಂಕೋಲಾ

ಅಳತೆಯ ಜೊತೆಗೆ ಕ್ಯಾಬಿನೆಟ್ಟನ್ನೂ ಬಿಚ್ಚಿ ನೋಡಿ ಮಾರಾಯ್ರೆ. ರ‍್ಯಾಮ್ ಕಿತ್ತು ಹಾಕಿದರೆ ಆನ್ ಆಗುತ್ತದೆ ಅಂದಿರಲ್ಲ, ಅದು ಕರಾವಳಿಯ ಕಂಪ್ಯೂಟರಿನ ಮಾಮೂಲು ಕಾಯಿಲೆ. ಗಾಳಿಯ ಉಪ್ಪು ಮತ್ತು ತೇವ ಸೇರಿ ಕಾಂಟ್ಯಾಕ್ಟುಗಳ ಮೇಲೆ ತೆಳು ಪದರ ಕಟ್ಟುತ್ತದೆ. ರ‍್ಯಾಮ್ ಸ್ಟಿಕ್ಕನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಅದರ ಚಿನ್ನದ ಬಣ್ಣದ ಪಟ್ಟಿಗಳನ್ನು ನೋಡಿ. ಒಳ್ಳೆಯದಾದರೆ ಒಂದೇ ಸಮ ಹೊಳೆಯುತ್ತವೆ. ತೇವ ತಿಂದದ್ದಾದರೆ ತುದಿಯಲ್ಲಿ ಮಬ್ಬು, ಕೆಲವಕ್ಕೆ ಸಾಸಿವೆಗಿಂತ ಸಣ್ಣ ಹಸಿರು ಚುಕ್ಕೆ. ಕಿತ್ತು ಹಾಕುವಾಗ ಆ ಪದರ ಸ್ವಲ್ಪ ಉಜ್ಜಿಹೋಗುತ್ತದೆ, ಅದಕ್ಕೇ ನಾಲ್ಕು ದಿನ ಸರಿಯಿರುತ್ತದೆ.

ಇದಕ್ಕೆ 99 ಶೇಕಡಾದ ಐಸೋಪ್ರೊಪೈಲ್ ಆಲ್ಕೊಹಾಲ್ ತನ್ನಿ. ಮೆಡಿಕಲ್ ಶಾಪಿನ 70 ಶೇಕಡಾದ್ದು ಬೇಡ, ಉಳಿದದ್ದು ನೀರು. ನೂಲು ಬಿಡದ ಬಟ್ಟೆಗೆ ಹಚ್ಚಿ ಪಟ್ಟಿಗಳನ್ನು ಮೇಲಿನಿಂದ ಕೆಳಗೆ ಒರೆಸಿ. ಕಲೆ ಹೋಗದಿದ್ದರೆ ಮಾತ್ರ ಮೃದುವಾದ ಬಿಳಿ ರಬ್ಬರಿನಿಂದ ಹಗುರವಾಗಿ ಒಂದೆರಡು ಸಲ. ಚಿನ್ನದ ಲೇಪ ಬಹಳ ತೆಳು, ರಬ್ಬರಿನಲ್ಲಿ ದಿನಾ ಉಜ್ಜಿದರೆ ಕೆಳಗಿನ ಲೋಹ ಹೊರಬಿದ್ದು ಇನ್ನೂ ಬೇಗ ಹಾಳಾಗುತ್ತದೆ. ಸ್ಲಾಟಿಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಬಿಟ್ಟು ಅರ್ಧ ಗಂಟೆ ಆರಲು ಬಿಡಿ. ಗ್ರಾಫಿಕ್ಸ್ ಕಾರ್ಡಿನ ಪಟ್ಟಿಗೂ ಇದೇ ಉಪಚಾರ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಮಾತ್ರ ಹೊಡೆಯಬೇಡಿ, ಅದರ ಜಿಡ್ಡಿಗೆ ಧೂಳು ಮೆತ್ತಿಕೊಳ್ಳುತ್ತದೆ.

ಈಗ ಬಿಸಿಯ ವಿಷಯ. ನಮ್ಮಲ್ಲಿ ಧೂಳು ಒಣಗಿ ಹಾರುವುದಿಲ್ಲ, ತೇವಕ್ಕೆ ಅಂಟಿ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕಂಬಳಿಯ ಹಾಗೆ ಹೆಪ್ಪುಗಟ್ಟುತ್ತದೆ. ಮೇಲಿನಿಂದ ನೋಡಿದರೆ ಫ್ಯಾನ್ ಚೊಕ್ಕವಾಗಿಯೇ ಕಾಣುತ್ತದೆ, ಕಂಬಳಿ ಇರುವುದು ಅದರ ಕೆಳಗೆ. ಬ್ಲೋವರಿನಿಂದ ಊದಿದರೆ ಅದು ಏಳುವುದಿಲ್ಲ, ಹಳೇ ಪೇಂಟ್ ಬ್ರಶ್ಶಿನಿಂದ ಸಡಿಲಿಸಿ ಆಮೇಲೆ ಊದಬೇಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ, ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹೋಗುತ್ತದೆ.

ಥರ್ಮಲ್ ಪೇಸ್ಟ್ ಇಷ್ಟು ವರ್ಷಕ್ಕೆ ಬೇಸಿಗೆಯ ಗದ್ದೆಯ ಹಾಗೆ ಬಿರುಕು ಬಿಟ್ಟಿರುತ್ತದೆ. ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ ಬಿಸಿಮಾಡಿ, ಪ್ಲಗ್ ತೆಗೆದು, ಕೂಲರಿನ ನಾಲ್ಕು ಪಿನ್ನುಗಳನ್ನು ಬಾಣದ ದಿಕ್ಕಿಗೆ ತಿರುಗಿಸಿ ಮೇಲಕ್ಕೆಳೆಯಿರಿ. ಹಳೇ ಪೇಸ್ಟನ್ನು ಆಲ್ಕೊಹಾಲಿನಲ್ಲಿ ಪೂರ್ತಿ ಒರೆಸಿ. ನಡುವೆ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಸಾಕು. ಕೂರಿಸುವ ಮುಂಚೆ ನಾಲ್ಕೂ ಪಿನ್ನುಗಳನ್ನು ಹಿಂದಕ್ಕೆ ತಿರುಗಿಸಿಟ್ಟಿರಬೇಕು. ಒಂದು ಮೂಲೆ, ಆಮೇಲೆ ಅದರ ಎದುರು ಮೂಲೆ, ಹೀಗೆ ಟಕ್ ಅಂತ ಸದ್ದು ಬರುವ ತನಕ ಒತ್ತಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಮೂರು ಪಿನ್ ಕೂತಿರುತ್ತವೆ, ನಾಲ್ಕನೆಯದು ಕೂತಂತೆ ಕಾಣುತ್ತದೆ ಅಷ್ಟೇ. ಬೋರ್ಡನ್ನು ತಿರುಗಿಸಿ ಹಿಂದುಗಡೆಯಿಂದ ನಾಲ್ಕೂ ಕಪ್ಪು ಮೊಳೆಗಳು ಹೊರಗೆ ಬಂದಿವೆಯೇ ನೋಡಿ.

ಕಾಳೀತೀರ, ಕಾರವಾರ

ಅಳತೆ ಮಾಡಿದೆ. ಸ್ವಚ್ಛ ಮಾಡುವ ಮೊದಲಿನ ಅಂಕಿಗಳು ಇವು. ವ್ಯಾಲೊರಂಟಿನಲ್ಲಿ ಜಿಪಿಯು 55ರಿಂದ 60, ಪ್ರೊಸೆಸರ್ 100. ಉಷ್ಣತೆ 25 ನಿಮಿಷಕ್ಕೆ 99 ಡಿಗ್ರಿ, ಆಗ ಕ್ಲಾಕ್ 2.1 ಗಿಗಾಹರ್ಟ್ಸಿಗೆ ಇಳಿಯುತ್ತದೆ. ಜಿಟಿಎಯಲ್ಲಿ ಜಿಪಿಯು 99, ಕಾರ್ಡಿನ ಮೆಮೊರಿ 1.9 ಜಿಬಿ, ರ‍್ಯಾಮ್ 7.4 ಜಿಬಿ, ಡಿಸ್ಕ್ ಆಗಾಗ 100. ರೂಟರಿಗೆ ಪಿಂಗ್ ವೈಫೈಯಲ್ಲಿ 3ರಿಂದ 180, ಕೇಬಲ್ಲಿನಲ್ಲಿ 1. ಪೇಸ್ಟ್ ಬದಲಿಸಿ ಧೂಳು ತೆಗೆದ ಮೇಲೆ ಉಷ್ಣತೆ 71ಕ್ಕೆ ನಿಂತಿತು, ಕ್ಲಾಕ್ ಬೀಳಲಿಲ್ಲ. ಜಿಟಿಎ ಮಾತ್ರ ಹಾಗೇ ಇದೆ.

ಅಘನಾಶಿನಿ, ಕುಮಟಾ

ಬಹಳ ಒಳ್ಳೆಯದು. ಐ5-4460ರ ಮಿತಿ 100 ಡಿಗ್ರಿ, ಅದನ್ನು ಮುಟ್ಟಿದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ನಿಮ್ಮ ಇಪ್ಪತ್ತು ನಿಮಿಷದ ಕಾಯಿಲೆ ಪೇಸ್ಟಿನ ಖರ್ಚಿನಲ್ಲೇ ಮುಗಿಯಿತು. ರಾತ್ರಿಯ ಜಿಗಿತಕ್ಕೆ ಕ್ಯಾಟ್ 6 ಕೇಬಲ್ ಎಳೆಯಿರಿ. ಎರಡೂ ತುದಿ ಮೊದಲೇ ಕಟ್ಟಿದ, ಪೂರ್ತಿ ತಾಮ್ರದ ಕೇಬಲ್ ಕೇಳಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಮ್ಮಿನದು ಬೇಡ, ಉಪ್ಪುಗಾಳಿಗೆ ಅದರ ತುದಿ ಬೇಗ ಕೊಳೆಯುತ್ತದೆ. ಕೇಬಲ್ ಹಾಕಿಯೂ ಪ್ಯಾಕೆಟ್ ಲಾಸ್ ಕಂಡರೆ ಫೈಬರ್ ಮೋಡೆಮ್ಮಿನ ಪುಟದಲ್ಲಿ ಆಪ್ಟಿಕಲ್ ರಿಸೀವ್ ಪವರ್ ನೋಡಿ. ಮೈನಸ್ 27 ಡಿಬಿಎಂ ಹತ್ತಿರ ಇದ್ದರೆ ಹೊರಗಿನ ಜೋಡಣೆಯಲ್ಲೋ ಬಗ್ಗಿದ ಫೈಬರಿನಲ್ಲೋ ದೋಷವಿದೆ. ಆ ಅಂಕಿ ಬರೆದು ದೂರು ಕೊಟ್ಟರೆ ಲೈನ್‌ಮನ್‌ಗೂ ಹುಡುಕುವುದು ಸುಲಭ.

ಈಗ ರ‍್ಯಾಮ್. ಒಂದೇ ಸ್ಟಿಕ್ ಇರುವುದರಿಂದ ಸಿಂಗಲ್ ಚಾನೆಲ್, ಅಂದರೆ ಡೇಟಾಕ್ಕೆ ಒಂದೇ ದಾರಿ. ಡಿಡಿಆರ್3 1600ಕ್ಕೆ ಸೆಕೆಂಡಿಗೆ 12.8 ಜಿಬಿ ದಾರಿ, ಎರಡು ಸ್ಟಿಕ್ ಆದರೆ 25.6. ಎಚ್81ರಲ್ಲಿ ಎರಡೇ ಸ್ಲಾಟ್, ಒಟ್ಟು 16 ಜಿಬಿ ಮಿತಿ. ಹಾಗಾಗಿ ಇನ್ನೊಂದು 8 ಜಿಬಿ ಹಾಕಿದರೆ ಕೆಲಸ ಮುಗಿಯಿತು. 1.5 ವೋಲ್ಟಿನದೂ 1.35 ವೋಲ್ಟಿನ ಡಿಡಿಆರ್3ಎಲ್ ಕೂಡ ಈ ಬೋರ್ಡಿಗೆ ಆಗುತ್ತದೆ. ಒಂದು ಎಚ್ಚರ. ಆನ್‌ಲೈನಿನಲ್ಲಿ ತೀರಾ ಅಗ್ಗಕ್ಕೆ ಸಿಗುವ 8 ಜಿಬಿ ಸ್ಟಿಕ್ಕುಗಳಲ್ಲಿ ಕೆಲವು ಎಎಂಡಿ ಬೋರ್ಡಿಗೆ ಮಾತ್ರ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಅವು ಇಂಟೆಲ್ ಬೋರ್ಡಿನಲ್ಲಿ ಏಳುವುದೇ ಇಲ್ಲ. ಹಾಕಿದ ಮೇಲೆ ಸಿಪಿಯು-ಝಡ್‌ನ ಮೆಮೊರಿ ಪುಟದಲ್ಲಿ ಡ್ಯುಯಲ್ ಅಂತ ಬರಬೇಕು. ಒಂದು ರಾತ್ರಿ ಮೆಮ್‌ಟೆಸ್ಟ್86 ಓಡಿಸಿ, ಒಂದೇ ಒಂದು ದೋಷ ಬಂದರೂ ಸ್ಟಿಕ್ ವಾಪಸ್ ಕೊಡಿ.

ಜಿಟಿಎಯ ತಡವರಿಕೆಗೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಬೇಕು, 500 ಜಿಬಿಯ 2.5 ಇಂಚಿನ ಸಾಟಾ. ಇನ್ನೂ ವೇಗದ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿ ಬೇಡ. ಈ ಬೋರ್ಡಿನಲ್ಲಿ ಅದಕ್ಕೆ ಜಾಗವಿಲ್ಲ, ಅಡಾಪ್ಟರ್ ಹಾಕಿದರೂ ಸಾಮಾನ್ಯವಾಗಿ ಅದರಿಂದ ಬೂಟ್ ಆಗುವುದಿಲ್ಲ. ನಾಲ್ಕು ಸಾಟಾ ಪೋರ್ಟುಗಳಲ್ಲಿ ಎರಡು ಮಾತ್ರ 6 ಗಿಗಾಬಿಟ್ಟಿನವು. ಬೋರ್ಡಿನ ಮೇಲೆ ಬಣ್ಣ ಬೇರೆ ಇರುತ್ತದೆ ಅಥವಾ ಪಕ್ಕದಲ್ಲಿ ಮುದ್ರಿಸಿರುತ್ತಾರೆ. ಎಸ್‌ಎಸ್‌ಡಿಯನ್ನು ಅದಕ್ಕೇ ಚುಚ್ಚಿ. ಬಯಾಸಿನಲ್ಲಿ (ಆನ್ ಆಗುವಾಗ ಬೋರ್ಡು ಓಡಿಸುವ ಮೂಲ ತಂತ್ರಾಂಶ) ಸಾಟಾ ಮೋಡ್ ಎಎಚ್‌ಸಿಐ ಇದೆಯೇ ನೋಡಿ, ಆಮೇಲೆ ವಿಂಡೋಸ್ ಹೊಸದಾಗಿ ಹಾಕಿ. ಹಳೆಯದನ್ನು ಕ್ಲೋನ್ ಮಾಡಿದರೆ ಹತ್ತು ವರ್ಷದ ಕಸವೂ ಜೊತೆಗೇ ಬರುತ್ತದೆ. ವಿಂಡೋಸ್ ಹಾಕುವಾಗ ಹಾರ್ಡ್‌ಡಿಸ್ಕಿನ ಕೇಬಲ್ ಕಿತ್ತಿಡಿ, ಇಲ್ಲವಾದರೆ ಬೂಟ್ ಫೈಲುಗಳು ಅದರ ಮೇಲೆ ಹೋಗಿ ಕೂತು, ಮುಂದೊಂದು ದಿನ ಹಾರ್ಡ್‌ಡಿಸ್ಕ್ ತೆಗೆದಾಗ ಕಂಪ್ಯೂಟರೇ ಏಳುವುದಿಲ್ಲ. ಜಿಟಿಎ ಮತ್ತು ವ್ಯಾಲೊರಂಟ್ ಎರಡೂ ಎಸ್‌ಎಸ್‌ಡಿಯಲ್ಲೇ ಇರಲಿ. ಬೋರ್ಡಿನ ಸಿಆರ್2032 ಸೆಲ್ ಕೂಡ ಈಗಲೇ ಬದಲಿಸಿಬಿಡಿ, ಅದು ಸತ್ತರೆ ಬಯಾಸ್ ಸೆಟ್ಟಿಂಗ್ ಅಳಿಸಿಹೋಗುತ್ತದೆ.

ಶಿರಸಿ ಘಟ್ಟದ ಮೇಲೆ

ಇಷ್ಟು ಹೊತ್ತು ಯಾರೂ ಎಸ್‌ಎಂಪಿಎಸ್ ಮಾತು ಎತ್ತಲಿಲ್ಲ. ಕಾರ್ಡಿಗಿಂತ ಮೊದಲು ಅದು ಬದಲಾಗಬೇಕು. ಪಕ್ಕದಲ್ಲಿರುವ ಚೀಟಿ ಓದಿ, ದೊಡ್ಡದಾಗಿ ಬರೆದ 450 ನಂಬಬೇಡಿ. 12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಇದೆ ನೋಡಿ 12ರಿಂದ ಗುಣಿಸಿ. ಕ್ಯಾಬಿನೆಟ್ ಜೊತೆ ಬರುವವುಗಳಲ್ಲಿ 16 ಆಂಪಿಯರ್ ಇರುವುದು ಸಾಮಾನ್ಯ, ಅಂದರೆ 192 ವ್ಯಾಟ್. ನಿಮ್ಮ ಪ್ರೊಸೆಸರ್ 84, ಮುಂದೆ ಹಾಕುವ ಕಾರ್ಡ್ 75, ಬೋರ್ಡು, ಡಿಸ್ಕು, ಫ್ಯಾನು ಸೇರಿ ಇನ್ನೊಂದು 40. ಒಟ್ಟು 199. ಆಟದ ನಡುವೆ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುವುದು ಇಂಥ ಕಡೆಯೇ. 80 ಪ್ಲಸ್ ಗುರುತಿನ, 12 ವೋಲ್ಟಿನಲ್ಲಿ 30 ಆಂಪಿಯರಿಗಿಂತ ಹೆಚ್ಚು ಕೊಡುವ 450 ಅಥವಾ 550 ವ್ಯಾಟಿನದು ತನ್ನಿ. ಹುಬ್ಬಳ್ಳಿಗೋ ಮಡಗಾಂವಿಗೋ ಹೋಗಿ ತರುವುದಾದರೆ ಬಿಲ್ ಇಟ್ಟುಕೊಳ್ಳಿ, ಎಸ್‌ಎಂಪಿಎಸ್‌ಗೆ ವಾರಂಟಿ ವರ್ಷಗಟ್ಟಲೆ ಇರುತ್ತದೆ.

ಕ್ಯಾಬಿನೆಟ್ ಮುಟ್ಟಿದರೆ ಚಿಮಿಚಿಮಿ ಅನ್ನುತ್ತದೆಯೇ? ಅನ್ನುತ್ತಿದ್ದರೆ ಆ ಪ್ಲಗ್ಗಿಗೆ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಸೋರುವ ಕರೆಂಟಿಗೆ ನೆಲಕ್ಕಿಳಿಯುವ ದಾರಿ ಇಲ್ಲದೆ ಅದು ಕ್ಯಾಬಿನೆಟ್ಟಿನ ಮೇಲೇ ನಿಲ್ಲುತ್ತದೆ. ಅಂಥ ಕಡೆ ಯುಎಸ್‌ಬಿ ಮೌಸ್ ನಿಂತು ಓಡುವುದು, ಹೆಡ್‌ಫೋನಿನಲ್ಲಿ ಗುಂಯ್ ಸದ್ದು ಎಲ್ಲಾ ಇರುತ್ತದೆ. ಎಲೆಕ್ಟ್ರಿಶಿಯನ್ ಕರೆಸಿ ಫೇಸ್-ಅರ್ಥ್ ಮತ್ತು ನ್ಯೂಟ್ರಲ್-ಅರ್ಥ್ ಅಳೆಸಿ. ಮೊದಲನೆಯದು 230ರ ಹತ್ತಿರ, ಎರಡನೆಯದು ಒಂದೆರಡು ವೋಲ್ಟಿನೊಳಗೆ ಇರಬೇಕು.

ಗಾಳಿ ಮಳೆಗೆ ಕರೆಂಟ್ ಹೋಗಿ ಬರುವುದು ಘಟ್ಟದ ಮೇಲೂ ಕೆಳಗೂ ಒಂದೇ. ಮನೆಯ ಇನ್ವರ್ಟರಿಗೆ ಕಂಪ್ಯೂಟರ್ ಹಾಕಿದ್ದರೆ ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡಿನಲ್ಲಿರಲಿ. ಎಸ್‌ಎಂಪಿಎಸ್ ಪೂರ್ತಿ ಲೋಡಿನಲ್ಲಿ ಸುಮಾರು 16 ಮಿಲಿಸೆಕೆಂಡ್ ಮಾತ್ರ ತಡೆಯುತ್ತದೆ, ಮಾಮೂಲು ಮೋಡಿನಲ್ಲಿ ಇನ್ವರ್ಟರ್ ಅಷ್ಟು ಬೇಗ ಬದಲಾಗುವುದಿಲ್ಲ. ಹಳೇ ಸ್ಕ್ವೇರ್ ವೇವ್ ಇನ್ವರ್ಟರಿಗೆ ಹೊಸ ಆ್ಯಕ್ಟಿವ್ ಪಿಎಫ್‌ಸಿ (ಕರೆಂಟ್ ಎಳೆಯುವುದನ್ನು ಸರಿದೂಗಿಸುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್ ಕೆಲವೊಮ್ಮೆ ಹೊಂದುವುದಿಲ್ಲ, ಬದಲಾಗುವ ಕ್ಷಣದಲ್ಲಿ ಆಫ್ ಆಗುತ್ತದೆ. ತರುವ ಮೊದಲು ಇನ್ವರ್ಟರ್ ಯಾವುದು ನೋಡಿಕೊಳ್ಳಿ.

ಇನ್ನು ಕಾರ್ಡ್. ಎಚ್81 ಬೋರ್ಡಿನಲ್ಲಿ ಕಾರ್ಡ್ ಕೂರುವ ಸ್ಲಾಟ್ ಹಳೇ ಪಿಸಿಐಇ 2.0. ಆರ್‌ಎಕ್ಸ್ 6400, 6500 ಎಕ್ಸ್‌ಟಿ ಕಾರ್ಡುಗಳಿಗೆ ನಾಲ್ಕೇ ಲೇನ್ (ಡೇಟಾ ಹಾದಿ), ಇಲ್ಲಿ ಹಾಕಿದರೆ ಸೆಕೆಂಡಿಗೆ 2 ಜಿಬಿ ದಾರಿ ಮಾತ್ರ ಸಿಕ್ಕಿ ತಡವರಿಕೆ ಹೊಸದಾಗಿ ಶುರುವಾಗುತ್ತದೆ. ಇಂಟೆಲ್ ಆರ್ಕ್ ಕೂಡ ಬೇಡ, ಅದಕ್ಕೆ ಬೇಕಾದ ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನು ಒಟ್ಟಿಗೇ ಮುಟ್ಟುವ ಸೌಲಭ್ಯ) ಈ ಕಾಲದ ಬೋರ್ಡಿನಲ್ಲಿಲ್ಲ. ನಿಮಗೆ ಹೊಂದುವುದು ಜಿಟಿಎಕ್ಸ್ 1650 4 ಜಿಬಿ. 16 ಲೇನ್, 75 ವ್ಯಾಟ್. ಸೆಕೆಂಡ್ ಹ್ಯಾಂಡಿನಲ್ಲಿ 1050 ಟಿಐ, 1060 ಹೆಚ್ಚು ಸಿಗುತ್ತವೆ, ಆದರೆ ಎನ್‌ವಿಡಿಯಾ ಅವಕ್ಕೂ ನಿಮ್ಮ 750 ಟಿಐಗೂ ಆಟಗಳ ಹೊಸ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರಿಗೆ ನಿಲ್ಲಿಸಿತು. ಇನ್ನು ಬರುವುದು ಸೆಕ್ಯುರಿಟಿ ಅಪ್‌ಡೇಟ್ ಮಾತ್ರ. ಯಾವ ಹಳೇ ಕಾರ್ಡ್ ಕೊಂಡರೂ ದುಡ್ಡು ಕೊಡುವ ಮೊದಲು ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ಓಡಿಸಿ. 1650ಕ್ಕೆ ಶೇಡರ್ (ಚಿತ್ರ ಲೆಕ್ಕ ಹಾಕುವ ಘಟಕ) 896 ಇರಬೇಕು. ಹಳೇ ಕಾರ್ಡಿನ ಬಯಾಸ್ ತಿದ್ದಿ ಹೊಸ ಹೆಸರು ಕೊಟ್ಟಿದ್ದರೆ ಹೆಸರಿನ ಆರಂಭದಲ್ಲಿ ಫೇಕ್ ಅಂತ ಅದೇ ತೋರಿಸುತ್ತದೆ.

ಗಂಗಾವಳಿ, ಅಂಕೋಲಾ

ವ್ಯಾಲೊರಂಟಿನಲ್ಲಿ ಪ್ರೊಸೆಸರೇ 100 ಅಲ್ಲವೇ? ಅದಕ್ಕೆ 1650ಕ್ಕಿಂತ ಐ7-4790 ಹೆಚ್ಚು ಉಪಕಾರ. ಅದೇ ಸಾಕೆಟ್, ಅದೇ 84 ವ್ಯಾಟ್, ನಾಲ್ಕು ಕೋರಿಗೆ ಎಂಟು ಥ್ರೆಡ್, 4 ಗಿಗಾಹರ್ಟ್ಸ್ ತನಕ ಏರುತ್ತದೆ. ಕಚೇರಿಗಳಿಂದ ಬಿಚ್ಚಿದ ಕಂಪ್ಯೂಟರುಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಹೆಸರಿನ ಕೊನೆಗೆ ಕೆ ಇರುವುದಕ್ಕೆ ಹೆಚ್ಚು ಕೊಡಬೇಡಿ, ಅದರ ವೇಗವನ್ನು ಕೈಯಾರೆ ಏರಿಸುವ ಸೌಲಭ್ಯ ಎಚ್81ರಲ್ಲಿ ಅಧಿಕೃತವಾಗಿ ಇಲ್ಲ. ಬೋರ್ಡಿನ ಬಯಾಸ್ ಪಟ್ಟಿಯಲ್ಲಿ ಇದೆಯೇ ಒಮ್ಮೆ ನೋಡಿ.

ಶಿರಸಿ ಘಟ್ಟದ ಮೇಲೆ

ಆಟ ವ್ಯಾಲೊರಂಟ್ ಒಂದೇ ಆದರೆ ಒಪ್ಪುತ್ತೇನೆ. ಜಿಟಿಎಯೂ ಬೇಕು ಅಂದರೆ ಕಾರ್ಡಿನ 2 ಜಿಬಿ ತುಂಬಿಹೋಗಿದೆಯಲ್ಲ. ಈಗಿನ 15 ಸಾವಿರದಲ್ಲಿ ಎಸ್‌ಎಸ್‌ಡಿ, ರ‍್ಯಾಮ್, ಎಸ್‌ಎಂಪಿಎಸ್, ಕೇಬಲ್ ಬರಲಿ. ಉಳಿದದ್ದಕ್ಕೆ ಮತ್ತೆ ಅಳತೆ ಮಾಡಿ ನೋಡಿ.

ಕಾಳೀತೀರ, ಕಾರವಾರ

ಹಾಗೇ ಮಾಡುತ್ತೇನೆ. ಎರಡು ಸಂಶಯ ಉಳಿದಿದೆ. 1650ಕ್ಕೆ ವಿಜಿಎ ಇಲ್ಲವಂತೆ, ಮಾನಿಟರ್ ಬದಲಿಸಬೇಕೇ? ವಿಂಡೋಸ್ ಹೊಸದಾಗಿ ಹಾಕುವಾಗ 11 ಹಾಕಬಹುದೇ?

ಅಘನಾಶಿನಿ, ಕುಮಟಾ

ಮಾನಿಟರ್ ಇರಲಿ. ಅದರಲ್ಲಿ ಡಿವಿಐ ಇದೆಯಲ್ಲ, ಎಚ್‌ಡಿಎಂಐನಿಂದ ಡಿವಿಐಗೆ ಹೋಗುವ ಸಾದಾ ಕೇಬಲ್ ಸಾಕು, ಎರಡೂ ಡಿಜಿಟಲ್. ವಿಜಿಎ ಮಾತ್ರ ಇದ್ದಿದ್ದರೆ ಚಿಪ್ ಇರುವ ಕನ್ವರ್ಟರ್ ಬೇಕಾಗುತ್ತಿತ್ತು.

ವಿಂಡೋಸ್ 11 ಬೇಡ. ಅಧಿಕೃತವಾಗಿ ಅದು ಇಂಟೆಲ್ಲಿನ 8ನೇ ತಲೆಮಾರಿನಿಂದ ಮೇಲಕ್ಕೆ, ನಿಮ್ಮದು 4ನೆಯದು. ಅಡ್ಡದಾರಿಯಲ್ಲಿ ಹಾಕಬಹುದು, ಆದರೆ ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಟಿಪಿಎಂ 2.0 (ಬೋರ್ಡಿನ ಭದ್ರತಾ ಚಿಪ್) ಮತ್ತು ಸೆಕ್ಯೂರ್ ಬೂಟ್ ಕೇಳುತ್ತದೆ. ಈ ಕಾಲದ ಬೋರ್ಡಿನಲ್ಲಿ ಸಾಮಾನ್ಯವಾಗಿ ಟಿಪಿಎಂ 2.0 ಇರುವುದಿಲ್ಲ, ವ್ಯಾನ್9001 ಅಂತ ದೋಷ ಬಂದು ಆಟ ತೆರೆಯುವುದೇ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಸ್ತರಿತ ಸೆಕ್ಯುರಿಟಿ ಅಪ್‌ಡೇಟಿಗೆ ಹೆಸರು ಹಚ್ಚಿದರೆ 2026ರ ಅಕ್ಟೋಬರ್ 13ರ ತನಕ ಬರುತ್ತದೆ. ಈ ಕಂಪ್ಯೂಟರಿಗೆ ಎಷ್ಟು ಸುರಿಯಬೇಕು ಅನ್ನುವುದನ್ನು ಆ ತಾರೀಕು ನೋಡಿಕೊಂಡೇ ನಿರ್ಧರಿಸಿ. ಎಸ್‌ಎಸ್‌ಡಿ ಮತ್ತು ಎಸ್‌ಎಂಪಿಎಸ್ ಮುಂದೆ ಹೊಸ ಬೋರ್ಡಿಗೂ ಬರುತ್ತವೆ, 1650 ಕೂಡ ಬರುತ್ತದೆ. ಡಿಡಿಆರ್3 ರ‍್ಯಾಮ್ ಮತ್ತು ಐ7-4790 ಬರುವುದಿಲ್ಲ, ಅವೆರಡನ್ನು ಸೆಕೆಂಡ್ ಹ್ಯಾಂಡಿನಲ್ಲೇ ಕೊಳ್ಳಿ.

ಗಂಗಾವಳಿ, ಅಂಕೋಲಾ

ಇನ್ನೊಂದು ಮಾತು. ಮಳೆಗಾಲದಲ್ಲಿ ಆಡದಿದ್ದರೂ ದಿನಕ್ಕೆ ಅರ್ಧ ಗಂಟೆ ಆನ್ ಮಾಡಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ವಾರಗಟ್ಟಲೆ ಮುಚ್ಚಿಟ್ಟಿದ್ದರೆ ಆನ್ ಮಾಡುವ ಮೊದಲು ಪಕ್ಕದ ಬಾಗಿಲು ತೆಗೆದು ಒಂದೆರಡು ಗಂಟೆ ಫ್ಯಾನಿನ ಕೆಳಗಿಡಿ. ಪ್ಲಾಸ್ಟಿಕ್ ಹೊದಿಕೆ ಹಾಕಬೇಡಿ, ಒಳಗೇ ಬೆವರುತ್ತದೆ. ಹಳೇ ಪಂಚೆಯ ತುಂಡು ಹೊದೆಸಿದರೆ ಸಾಕು, ಆನ್ ಮಾಡುವಾಗ ತೆಗೆಯಲು ಮರೆಯಬೇಡಿ.